ಸಿಗಿರಿಯ ನೋಡಲು ಹೋಗಿ ಕೆರೆ ನೋಡಿ ಬಂದೆವು

"ಸಾವಿರದ ಇನ್ನೂರು ಮೆಟ್ಟಿಲು ಕಣ್ರೀ. ಮಂಡಿನೋವು ಇರೋರು ಈಗಲೇ ಹೇಳಿಬಿಡಿ. ಕೆಳಗೆ ಎಳನೀರು ಕುಡ್ಕೊಂಡು ಕೂತಿರಬಹುದು."

ವ್ಯಾನು ದಂಬುಲ್ಲ ಊರು ದಾಟುವಾಗ ನಮ್ಮ ತಂಡದ ಹಿರಿಯರು ಹೀಗಂದರು. ಹನ್ನೊಂದು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಇಷ್ಟು ದೂರ ಬಂದು, ಟಿಕೆಟ್ಟಿಗೆ ದುಡ್ಡು ಕೊಟ್ಟು, ಕೆಳಗೆ ಕೂರುವವರು ಯಾರು? ಹಾಗೆ ಹೇಳಿದ ಹಿರಿಯರಿಗೇ ಎಪ್ಪತ್ತೆರಡು ವರ್ಷ.

2024ರ ಜನವರಿಯ ಮಾತು. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ತೆಂಗು ಅಡಿಕೆ ಬೆಳೆಗಾರರು ನಾವು ಹನ್ನೊಂದು ಮಂದಿ ಸ್ವಂತ ದುಡ್ಡು ಹಾಕಿಕೊಂಡು ಆರು ದಿನಕ್ಕೆ ಶ್ರೀಲಂಕಾಕ್ಕೆ ಹೋಗಿದ್ದೆವು. ಹೋದದ್ದು ತೆಂಗು ನೋಡಲು. ಕುರುನೇಗಲ, ಪುತ್ತಳಂ, ಗಂಪಹ ಈ ಮೂರು ಜಿಲ್ಲೆ ಸೇರಿದ ಭಾಗವನ್ನು ಅಲ್ಲಿನವರು ತೆಂಗಿನ ತ್ರಿಕೋನ ಎನ್ನುತ್ತಾರೆ. 1929ರಷ್ಟು ಹಿಂದೆಯೇ ಶುರುವಾದ ತೆಂಗು ಸಂಶೋಧನಾ ಸಂಸ್ಥೆ ಅಲ್ಲೇ ಲುನುವಿಲದಲ್ಲಿದೆ. ನಮ್ಮ ಮರಗಳ ಕಾಯಿ ಕೆಡಿಸಿದ ನುಸಿ ಇದೆಯಲ್ಲ, ಅದು ಕೇರಳದಲ್ಲಿ ಕಾಣಿಸಿಕೊಂಡದ್ದು 1998ರಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅವರ ದ್ವೀಪಕ್ಕೂ ಹತ್ತಿತ್ತು. ಅಂದರೆ ಕಷ್ಟದಲ್ಲಿ ನಾವೂ ಅವರೂ ನೆಂಟರೇ.

ತೆಂಗಿನ ವಿಷಯ ಒಂದೇ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ತೆಂಗಿನ ಸಿಪ್ಪೆಯನ್ನು ತೋಟದಲ್ಲೇ ಹೂಳುವ ರೂಢಿ ಇದೆ. ಮರಗಳ ನಡುವೆ ಗುಂಡಿ ತೆಗೆದು, ಸಿಪ್ಪೆಯ ಹೊಟ್ಟೆ ಮೇಲೆ ಬರುವ ಹಾಗೆ ಪದರ ಪದರವಾಗಿ ಜೋಡಿಸಿ, ನಡುವೆ ಮಣ್ಣು ಹಾಕಿ ಮುಚ್ಚುತ್ತಾರೆ. ಬಿದ್ದ ಮಳೆಯನ್ನು ಸಿಪ್ಪೆ ಹೀರಿ ಹಿಡಿದುಕೊಂಡು ಬೇಸಿಗೆಯಲ್ಲಿ ಬೇರಿಗೆ ಬಿಟ್ಟುಕೊಡುತ್ತದೆ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಸಿಪ್ಪೆಯನ್ನು ನಾರಿನ ಮಿಲ್ಲಿನವರಿಗೆ ಮಾರಿ, ಆ ದುಡ್ಡನ್ನು ಬೋರಿನ ಲಾರಿಗೆ ಕೊಡುತ್ತಿದ್ದೇವೆ.

ಬೋರಿನ ಮಾತು ಬಂತು. ನಮ್ಮ ಮನೆ ಸ್ಥಿತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಅಣ್ಣ ನಾನು ಸೇರಿ ತೆಗೆಸಿದ ನಾಲ್ಕು ಬೋರಿನಲ್ಲಿ ಮೂರು ನಿಂತಿದ್ದವು. ಒಂದು ಮುಕ್ಕಾಲು ಗಂಟೆ ಓಡಿ ಗಾಳಿ ಉಗುಳುತ್ತಿತ್ತು. ನಾನು ಹೊರಡುವ ಹಿಂದಿನ ರಾತ್ರಿ ಅಣ್ಣ, "ನೀನು ತಿರುಗಾಡಿ ಬಾರಪ್ಪ. ಬಂದ ಮೇಲೆ ಐದನೇದಕ್ಕೆ ಲಾರಿ ಹೇಳೋಣ" ಅಂದಿದ್ದ. ಆ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿದವನು ನಾನು.

ಬಂಡೆಯ ಬುಡದಲ್ಲಿ ನೀರಿನ ತೋಟ

ಸಿಗಿರಿಯ ಅಂದರೆ ಸಿಂಹಗಿರಿ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಬಂಡೆ. ಎತ್ತರ ಸುಮಾರು ಆರುನೂರು ಅಡಿ. 1982ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿ 477ರಿಂದ 495ರವರೆಗೆ ಹದಿನೆಂಟು ವರ್ಷ ಇಲ್ಲಿಂದ ಆಳಿದ.

ಎಲ್ಲರೂ ಹತ್ತುವ ಅವಸರದಲ್ಲಿ ಬುಡದ ತೋಟವನ್ನು ಬೇಗ ದಾಟಿ ಹೋಗುತ್ತಾರೆ. ನಾವು ರೈತರು, ಅಲ್ಲೇ ಒಂದು ಗಂಟೆ ನಿಂತೆವು. ಹೊರಗೆ ಕಂದಕ. ಒಳಗೆ ಸಾಲಾಗಿ, ಎಡಬಲ ಒಂದೇ ಅಳತೆಯ ಕೊಳಗಳು. ಕೊಳದಿಂದ ಕೊಳಕ್ಕೆ ನೆಲದೊಳಗೇ ನೀರಿನ ದಾರಿ. ಅದರ ಮುಂದೆ ಹಾವಿನ ಹಾಗೆ ಬಳುಕಿ ಹೋಗುವ ಕಿರುಗಾಲುವೆ, ಅದರ ಪಕ್ಕದಲ್ಲಿ ಸುಣ್ಣದ ಕಲ್ಲಿನ ಚಪ್ಪಡಿಗೆ ತೂತು ಕೊರೆದು ಮಾಡಿದ ಕಾರಂಜಿಗಳು. ಮೋಟಾರಿಲ್ಲ, ಪಂಪಿಲ್ಲ. ಮೇಲಿನ ನೀರಿನ ಒತ್ತಡಕ್ಕೇ ಕೆಳಗೆ ಚಿಮ್ಮಬೇಕು. ಮಳೆಗಾಲದಲ್ಲಿ ಇವತ್ತಿಗೂ ಚಿಮ್ಮುತ್ತವೆ. ನಾವು ಹೋದ ಹಿಂದಿನ ವಾರ ಮಳೆಯಾಗಿತ್ತು. ಒಂದರಲ್ಲಿ ಗೇಣುದ್ದವೂ ಇಲ್ಲದಷ್ಟು ನೀರು ಗುಳುಗುಳು ಅನ್ನುತ್ತಿತ್ತು.

"ಸಾವಿರದೈನೂರು ವರ್ಷದ ಮೇಲೂ ಪೈಪು ಕಟ್ಟಿಲ್ಲ ನೋಡ್ರಿ. ನಮ್ಮ ಡ್ರಿಪ್ಪು ಎರಡು ವರ್ಷಕ್ಕೆ ಕಟ್ಟುತ್ತೆ" ಅಂದರು ಅಜ್ಜಂಪುರದ ಈರುಳ್ಳಿ ಬೆಳೆಗಾರರು. ಎಲ್ಲರೂ ನಕ್ಕೆವು. ಆದರೆ ಯಾರೂ ಅಲ್ಲಿಂದ ಬೇಗ ಕದಲಲಿಲ್ಲ.

ಮೇಲೆ ಹತ್ತುತ್ತಾ

ಹತ್ತುವ ದಾರಿಯಲ್ಲಿ ನನಗೆ ಹಿಡಿಸಿದ್ದು ಬಹಳ ಸಣ್ಣ ಸಂಗತಿ. ಗುಹೆಗಳ ನೆತ್ತಿಯಲ್ಲಿ, ಬಂಡೆಯ ಅಂಚಿಗೆ ಉದ್ದಕ್ಕೂ ಒಂದು ಗೀರು ಕೊರೆದಿದ್ದಾರೆ. ಮಳೆನೀರು ಬಂಡೆಯ ಮೈಗೆ ಅಂಟಿಕೊಂಡು ಒಳಗೆ ಇಳಿಯದೆ, ಆ ಗೀರಿನ ಹತ್ತಿರ ಕಡಿದು ಹೊರಗೆ ತೊಟ್ಟಿಕ್ಕುತ್ತದೆ. ಎರಡಂಗುಲದ ಗೀರು, ಒಳಗೆ ಶತಮಾನಗಟ್ಟಲೆ ಬೆಚ್ಚಗೆ. ನಮ್ಮ ಕೊಟ್ಟಿಗೆಯ ಸಜ್ಜಕ್ಕೆ ಮೇಸ್ತ್ರಿ ಹೀಗೇ ಒಂದು ಗೀರು ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಇವತ್ತಿಗೂ ಗೋಡೆ ನೆನೆಯುತ್ತದೆ.

ಅರ್ಧ ಎತ್ತರದಲ್ಲಿ ಹೆಸರಾದ ವರ್ಣಚಿತ್ರಗಳಿವೆ. ಮೋಡದಿಂದ ಎದ್ದ ಹಾಗಿರುವ ಹೆಂಗಸರು, ಕೈಯಲ್ಲಿ ಹೂ. ಈಗ ಉಳಿದಿರುವುದು ಇಪ್ಪತ್ತರ ಆಸುಪಾಸು. 1967ರಲ್ಲಿ ಯಾರೋ ಬಣ್ಣ ಬಳಿದು ಕೆಡಿಸಿದ್ದರಂತೆ. ಈಗ ಫೋಟೋ ತೆಗೆಯಲು ಬಿಡುವುದಿಲ್ಲ. ಪಕ್ಕದಲ್ಲೇ ಕನ್ನಡಿ ಗೋಡೆ. ಒಂದು ಕಾಲಕ್ಕೆ ಮುಖ ಕಾಣುವಷ್ಟು ನುಣುಪಾಗಿತ್ತೆಂದು ಆ ಹೆಸರು. ಎಂಟು, ಒಂಬತ್ತು, ಹತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ಯಾತ್ರಿಕರು ಆ ಗೋಡೆಯ ಮೇಲೆ ಪದ್ಯ ಗೀಚಿ ಹೋಗಿದ್ದಾರೆ. ಸೇನಾರತ್ ಪರಣವಿತಾನ ಎಂಬ ವಿದ್ವಾಂಸರು ಅವನ್ನು ಓದಿ ಪ್ರಕಟಿಸಿದರು. ಅಂದರೆ ಬಂದಲ್ಲಿ ಗೋಡೆಯ ಮೇಲೆ ಬರೆಯುವ ಚಾಳಿ ಹೊಸದೇನಲ್ಲ. ಅವರು ಪದ್ಯವನ್ನಾದರೂ ಬರೆದರು, ಅಷ್ಟೇ.

ಇನ್ನೂ ಮೇಲೆ ಎರಡು ದೊಡ್ಡ ಸಿಂಹದ ಪಾದ. ಅವುಗಳ ನಡುವೆ ಕೊನೆಯ ಮೆಟ್ಟಿಲು ಶುರು. ಅಲ್ಲಿ ಹೆಜ್ಜೇನು ಇದೆ, ಗಲಾಟೆ ಮಾಡಬೇಡಿ ಅಂತ ಬೋರ್ಡು ಹಾಕಿದ್ದಾರೆ. ನಮ್ಮ ಹನ್ನೊಂದು ಜನ ಮೊದಲ ಸಲ ಬಾಯಿ ಮುಚ್ಚಿದ್ದು ಅಲ್ಲೇ.

ನೆತ್ತಿಯ ಮೇಲೆ ನಾಲ್ಕು ಎಕರೆಯಷ್ಟು ಜಾಗ. ಅರಮನೆಯ ತಳಪಾಯ ಮಾತ್ರ ಉಳಿದಿದೆ. ಆದರೆ ಅಷ್ಟು ಎತ್ತರದಲ್ಲೂ ಬಂಡೆಯನ್ನೇ ಕಡಿದು ಮಾಡಿದ ದೊಡ್ಡ ಕೊಳವಿದೆ, ಅದರಲ್ಲಿ ನೀರೂ ಇದೆ. ಬಿದ್ದ ಮಳೆಯನ್ನು ಮೇಲೆಯೇ ಹಿಡಿದಿಟ್ಟುಕೊಂಡ ಲೆಕ್ಕ. ಎಪ್ಪತ್ತೆರಡರ ಹಿರಿಯರು ಎಲ್ಲರಿಗಿಂತ ಮೊದಲೇ ಬಂದು ಕೊಳದ ದಂಡೆಯಲ್ಲಿ ಕುಳಿತಿದ್ದರು. ಸುತ್ತ ನೋಡಿದರೆ ಕಾಡು, ಕಾಡಿನ ನಡುವೆ ಅಲ್ಲಲ್ಲಿ ತಗಡು ಹಾಸಿದ ಹಾಗೆ ಹೊಳೆಯುವ ಕೆರೆಗಳು. ಎಣಿಸುತ್ತಾ ಹೋಗಿ ಬಿಟ್ಟುಬಿಟ್ಟೆ.

ಅಪ್ಪನ ಗಂಟು

ಇಳಿದು ಬಂದು ಎಳನೀರಿಗೆ ಕುಳಿತೆವು. ಅಲ್ಲಿನದು ತಂಬಿಲಿ ಅಂತ, ಕಿತ್ತಳೆ ಬಣ್ಣದ ಕಾಯಿ. ನಮ್ಮ ಚಾಲಕರಿಗೆ ತಮಿಳು ಬರುತ್ತಿತ್ತು. ನಮ್ಮಲ್ಲೂ ಒಬ್ಬರಿಗೆ, ಭದ್ರಾವತಿಯಲ್ಲಿ ಕೆಲಸದಲ್ಲಿದ್ದು ಬಂದವರಿಗೆ, ತಮಿಳು ಗೊತ್ತು. ಚಾಲಕರು ಹೇಳಿದ್ದು ಹೀಗೆ ಎರಡು ಬಾಯಿ ದಾಟಿ ಕನ್ನಡಕ್ಕೆ ಬಂದ ಕಥೆ. ಅವರ ಹಳೆಯ ಇತಿಹಾಸ ಗ್ರಂಥ ಚೂಳವಂಸದಲ್ಲೂ ಇದು ಇದೆ.

ಕಾಶ್ಯಪನ ಅಪ್ಪ ಧಾತುಸೇನ. ಅನುರಾಧಪುರದ ರಾಜ. ಕಾಶ್ಯಪ ಪಟ್ಟದ ರಾಣಿಯ ಮಗನಲ್ಲ. ಪಟ್ಟ ಮಲತಮ್ಮ ಮೊಗ್ಗಲ್ಲಾನನಿಗೆ ಹೋಗುತ್ತದೆಂದು ಅಪ್ಪನನ್ನು ಸೆರೆಗೆ ಹಾಕಿ ತಾನೇ ಗದ್ದುಗೆ ಏರಿದ. ತಮ್ಮ ಸಮುದ್ರ ದಾಟಿ ನಮ್ಮ ದಕ್ಷಿಣ ಭಾರತಕ್ಕೆ ಓಡಿ ಬಂದ. ಅಪ್ಪ ಎಲ್ಲೋ ಗಂಟು ಬಚ್ಚಿಟ್ಟಿದ್ದಾನೆ ಅಂತ ಸೇನಾಪತಿ ಮಗನ ಕಿವಿ ಚುಚ್ಚಿದ. ಎಲ್ಲಿಟ್ಟಿದ್ದೀಯ ತೋರಿಸು ಎಂದು ಪೀಡಿಸಿದಾಗ ಮುದುಕ, ನನ್ನನ್ನು ಕಲಾ ವೆವಕ್ಕೆ ಕರೆದುಕೊಂಡು ಹೋಗಿ, ತೋರಿಸುತ್ತೇನೆ ಅಂದ. ವೆವ ಅಂದರೆ ಕೆರೆ. ಅವನೇ ಕಟ್ಟಿಸಿದ ಕೆರೆ. ನೀರಿಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ನನ್ನ ಆಸ್ತಿ ಅಂತ ಇರುವುದು ಇಷ್ಟೇ ಎಂದು ತೋರಿಸಿದನಂತೆ. ಮಗನಿಗೆ ಸಿಟ್ಟು ಬಂತು. ಅಪ್ಪನನ್ನು ಗೋಡೆಯೊಳಗೆ ಹುಗಿಸಿ ಕೊಲ್ಲಿಸಿದ. ಆಮೇಲೆ ತಮ್ಮ ದಂಡು ಕಟ್ಟಿಕೊಂಡು ಬಂದೇ ಬರುತ್ತಾನೆ ಎಂಬ ಹೆದರಿಕೆಗೆ ಈ ಬಂಡೆ ಏರಿ ಕೂತ. ಹದಿನೆಂಟು ವರ್ಷದ ಮೇಲೆ ತಮ್ಮ ಬಂದೂ ಬಂದ. ಯುದ್ಧದಲ್ಲಿ ಕಾಶ್ಯಪನ ಆನೆ ಮುಂದೆ ಕೆಸರು ಕಂಡು ಪಕ್ಕಕ್ಕೆ ತಿರುಗಿತು. ರಾಜ ಓಡಿಹೋಗುತ್ತಿದ್ದಾನೆ ಎಂದುಕೊಂಡು ಸೈನ್ಯ ಚದುರಿತು. ಅವನು ತನ್ನ ಕೈಯಿಂದಲೇ ಸತ್ತ.

ಕಥೆ ಮುಗಿದ ಮೇಲೆ ಚಾಲಕರು ಒಂದು ಮಾತು ಸೇರಿಸಿದರು. "ಮಗ ಕಟ್ಟಿಸಿದ್ದನ್ನು ನೋಡೋಕೆ ಲೋಕವೆಲ್ಲ ಬರುತ್ತೆ. ಅಪ್ಪ ಕಟ್ಟಿಸಿದ್ದು ಒಂದೂವರೆ ಗಂಟೆ ದಾರಿ. ಅಲ್ಲಿ ಟಿಕೆಟ್ಟೂ ಇಲ್ಲ, ಜನವೂ ಇಲ್ಲ."

ಮಧ್ಯಾಹ್ನ ಕೊಲಂಬೋ ಕಡೆ ಹೊರಟು ಸಂಜೆ ಪೇಟೆ ನೋಡುವುದೆಂದು ತೀರ್ಮಾನವಾಗಿತ್ತು. ಪೇಟೆ ಬೇಡ, ಕೆರೆಗೆ ಹೋಗೋಣ ಅಂದೆ. ಇಬ್ಬರು ಗೊಣಗಿದರು, ಉಳಿದವರು ಸರಿ ಅಂದರು.

ಕಲಾ ವೆವ

ಏರಿ ಹತ್ತಿ ನಿಂತಾಗ ನನಗೆ ಮೊದಲು ಅಯ್ಯನಕೆರೆಯ ನೆನಪಾಯಿತು. ಆಮೇಲೆ, ಇದು ಅದರ ಎಷ್ಟೋ ಪಾಲು ದೊಡ್ಡದು ಅನ್ನಿಸಿತು. ಏರಿಯ ಒಳಮೈಗೆ ಕಲ್ಲು ಕಟ್ಟಿದ್ದಾರೆ. ಎದುರು ದಡ ಮಸುಕು ಮಸುಕು. ದೂರದ ಹುಲ್ಲುಗಾವಲಲ್ಲಿ ಕಾಡಾನೆಗಳು ಮೇಯುತ್ತಿದ್ದವು. ಭದ್ರಾ ಕಾಡಿನ ಅಂಚಿನಲ್ಲಿ ಬಾಳೆ ಬೆಳೆಯುವ ತರೀಕೆರೆಯವರೊಬ್ಬರು, "ಆನೆ ನೋಡೋಕೆ ನಾನು ಲಂಕೆಗೆ ಬರಬೇಕಿತ್ತೇನ್ರೀ?" ಅಂದರು.

ಈ ಕೆರೆಯಿಂದ ಅನುರಾಧಪುರದ ತಿಸ್ಸ ವೆವ ಎಂಬ ಕೆರೆಗೆ ಐವತ್ನಾಲ್ಕು ಮೈಲಿ ಉದ್ದದ ಕಾಲುವೆ ಇದೆ. ಯೋಧ ಎಲ ಅಥವಾ ಜಯಗಂಗಾ ಅಂತ ಹೆಸರು. ಅದರ ಮೊದಲ ಹದಿನೇಳು ಮೈಲಿಯಲ್ಲಿ ಇಳಿಜಾರು ಮೈಲಿಗೆ ಆರಂಗುಲ ಎನ್ನುತ್ತಾರೆ. ಮೈಲಿಗೆ ಆರಂಗುಲ! ನಾವು ನೂರಡಿ ಪೈಪ್‌ಲೈನಿಗೆ ಮಟ್ಟ ಹಿಡಿಯಲು ಮೂರು ಸಲ ಅಗೆಯುತ್ತೇವೆ. ಕಾಲುವೆಗೆ ಒಂದೇ ದಂಡೆ. ಮೇಲ್ಗಡೆ ಬಿಟ್ಟೇ ಇದೆ, ದಾರಿಯಲ್ಲಿ ಹರಿದು ಬರುವ ಹಳ್ಳಕೊಳ್ಳದ ನೀರೆಲ್ಲ ಅದಕ್ಕೇ ಸೇರಲಿ ಅಂತ.

ನಡುವೆ ಕೆರೆ ಒಡೆದು ಶತಮಾನಗಟ್ಟಲೆ ಪಾಳು ಬಿದ್ದಿತ್ತು. 1887ರಲ್ಲಿ ಬ್ರಿಟಿಷರ ಕಾಲಕ್ಕೆ ಮತ್ತೆ ಕಟ್ಟಿದರು. ಈಗ ಮಹಾವೇಲಿ ಯೋಜನೆಯ ನೀರೂ ಇದಕ್ಕೆ ಸೇರುತ್ತದೆ.

ಏರಿಯ ಕೆಳಗೆ ಭತ್ತದ ಗದ್ದೆ ಹಸಿರಾಗಿತ್ತು. ಗದ್ದೆ ಬದುವಿನಲ್ಲಿ ಕಳೆ ಕೀಳುತ್ತಿದ್ದ ರೈತರೊಬ್ಬರು ನಮ್ಮನ್ನು ನೋಡಿ ಕೈ ತೊಳೆದುಕೊಂಡು ಬಂದರು. ನಮ್ಮ ತಂಡದ ಮೊದಲ ಪ್ರಶ್ನೆ ಅಡಿಕೆಯದು. ಲಂಕೆಯಿಂದ ಬರುವ ಅಡಿಕೆಯಿಂದ ನಮ್ಮ ಧಾರಣೆ ಬಿತ್ತು ಅಂತ ನಾವು ಎಷ್ಟೋ ಸಲ ಕೂಗಾಡಿದ್ದೇವೆ. ಅಡಿಕೆ ತೋಟ ಎಲ್ಲಿ ಅಂದರೆ ಅವರು ನಕ್ಕು, ಮನೆ ಹಿತ್ತಲಲ್ಲಿ ನಾಲ್ಕು ಮರ ಇವೆ ಅಂದರು. ನಾವು ಓಡಾಡಿದ ದಾರಿಯಲ್ಲೆಲ್ಲ ನಮಗೂ ಕಂಡದ್ದು ಅಷ್ಟೇ, ಹಿತ್ತಲ ಅಡಿಕೆ.

2021ರ ಗೊಬ್ಬರದ ಕಥೆಯನ್ನೂ ಕೇಳಿದೆವು. ಆ ವರ್ಷ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ, ಔಷಧಿ ತರಿಸುವುದನ್ನು ಒಂದೇ ಏಟಿಗೆ ನಿಲ್ಲಿಸಿ ದೇಶವೆಲ್ಲ ಸಾವಯವ ಅಂದಿತು. ಬೆಳೆ ಬಿತ್ತು, ರೈತರು ಬೀದಿಗಿಳಿದರು, ನವೆಂಬರಿನಲ್ಲಿ ಆದೇಶ ವಾಪಸು. ಆ ರೈತರು ಹೇಳಿದ್ದು, "ಮಣ್ಣಿಗೆ ಐದು ವರ್ಷ ಕೊಟ್ಟಿದ್ದರೆ ನಾವೂ ಮಾಡ್ತಿದ್ದೆವು. ಐದು ವಾರ ಕೊಟ್ಟರು." ನಮ್ಮಲ್ಲಿ ಸಾವಯವ ಮಾಡುವವರೂ ಇದ್ದರು, ಮಾಡದವರೂ ಇದ್ದರು. ಇಬ್ಬರೂ ತಲೆಯಾಡಿಸಿದರು.

ತೂಬಿನ ಒಳಗುಟ್ಟು, ಬರದ ಹಂಚಿಕೆ

ಅವರ ತೂಬಿನಲ್ಲಿ ನಾವು ಕಲಿಯಬೇಕಾದ ಒಂದು ಜಾಣತನ ಇದೆ. ಕೆರೆ ತುಂಬಿದಾಗ ನೀರಿನ ಒತ್ತಡ ನೇರ ತೂಬಿಗೆ ನುಗ್ಗಿದರೆ ಏರಿಯೊಳಗಿನ ಕೊಳವೆ ಕೊರೆಯುತ್ತದೆ, ಕೊನೆಗೆ ಏರಿಯೇ ಹೋಗುತ್ತದೆ. ಅದಕ್ಕೆ ಏರಿಯ ಒಳಗೆ, ನೀರು ಬರುವ ಕೊಳವೆಗೂ ಹೊರಗೆ ಹೋಗುವ ಕೊಳವೆಗೂ ನಡುವೆ, ಕಲ್ಲಿನ ಚೌಕ ಬಾವಿ ಕಟ್ಟುತ್ತಾರೆ. ನೀರು ಮೊದಲು ಅದಕ್ಕೆ ಬಿದ್ದು, ರಭಸ ಕಳೆದುಕೊಂಡು, ಆಮೇಲೆ ಮೆಲ್ಲಗೆ ಗದ್ದೆಗೆ. ಬಿಸೊಕೊಟುವ ಅಂತ ಅದರ ಹೆಸರು. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ಎಂಜಿನಿಯರು ಇದನ್ನು ನೋಡಿ ಬೆರಗಾಗಿ ಬರೆದಿದ್ದಾರೆ.

ಸಣ್ಣ ಊರುಗಳ ಕೆರೆಗಳು ಸರಪಳಿ. ಮೇಲಿನ ಕೆರೆಯ ಕೋಡಿ ನೀರು, ಮೇಲಿನ ಗದ್ದೆಯ ಬಸಿನೀರು ಎಲ್ಲ ಕೆಳಗಿನ ಕೆರೆಗೆ. ಪ್ರತಿ ಕೆರೆಗೂ ಒಂದು ಅಚ್ಚುಕಟ್ಟಾದ ಉಡುಪು ಇದೆ. ನೀರು ಒಳಬರುವ ಕಡೆ ಮರಗಳ ಪಟ್ಟಿ, ಹೊಳೆಮತ್ತಿ, ಹಿಪ್ಪೆ ಇಂಥವು. ಅದರ ಹತ್ತಿರ ಹುಲ್ಲಿನ ಪಟ್ಟಿ, ಹೂಳು ಸೋಸಲು. ಕೆರೆಯ ಮೇಲ್ಗಡೆ ಸಣ್ಣ ಗುಂಡಿ, ಹೂಳು ಅಲ್ಲೇ ನಿಲ್ಲಲಿ ಅಂತ. ಏರಿಯ ಕೆಳಗೆ ದಟ್ಟ ಪೊದೆ, ಜೌಗಿನ ಸವಳು ಗದ್ದೆಗೆ ಹೋಗದಿರಲಿ ಅಂತ. ಈ ಇಡೀ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿದೆ.

ಬಿತ್ತನೆಗೆ ಮೊದಲು ರೈತರೆಲ್ಲ ಸಭೆ ಸೇರಿ, ಕೆರೆಯಲ್ಲಿ ಎಷ್ಟು ನೀರಿದೆ, ಯಾವ ತಾರೀಖಿಗೆ ಬಿಡುವುದು, ಎಷ್ಟು ಬಿತ್ತುವುದು ಎಂದು ಗೊತ್ತು ಮಾಡುತ್ತಾರೆ. ನೀರು ಸಾಲದ ವರ್ಷ ಏನು ಮಾಡುತ್ತೀರಿ ಅಂತ ಕೇಳಿದೆ. ಅವರು ಹೇಳಿದ ಪದ್ಧತಿಯ ಹೆಸರು ಬೆತ್ಮ. ಬರದ ವರ್ಷ ಏರಿಯ ಹತ್ತಿರದ ಗದ್ದೆಯನ್ನು ಮಾತ್ರ ಬೆಳೆಯುವುದು. ಆದರೆ ಅದನ್ನು ಅದರ ಮಾಲೀಕನೊಬ್ಬನೇ ಬೆಳೆಯುವುದಿಲ್ಲ. ಆ ಒಂದು ಬೆಳೆಗೆ ಮಾತ್ರ ಅಚ್ಚುಕಟ್ಟಿನ ಎಲ್ಲರಿಗೂ ಪಾಲು ಹಾಕಿ ಹಂಚಿಕೊಡುತ್ತಾರೆ. ಕೊನೆಯ ತುದಿಯ ಗದ್ದೆಯವನಿಗೂ ಏರಿ ಬುಡದಲ್ಲಿ ಒಂದು ತುಂಡು. ಮುಂದಿನ ವರ್ಷ ಮಳೆ ಬಂದರೆ ಅವರವರ ಗದ್ದೆ ಅವರವರಿಗೆ.

ಇದನ್ನು ತಮಿಳಿನಿಂದ ಕನ್ನಡಕ್ಕೆ ಹೇಳಿದವರು ಎರಡು ಸಲ ಹೇಳಬೇಕಾಯಿತು. ನಮಗೆ ಮೊದಲ ಸಲ ನಂಬಿಕೆ ಬರಲಿಲ್ಲ.

"ಜಗಳ ಆಗಲ್ವಾ?"

"ಆಗುತ್ತೆ. ಆದರೆ ಬೆಳೆ ಬರುತ್ತೆ."

ನಮ್ಮ ಕೆರೆಗಳೇನು ಕಮ್ಮಿ?

ವಾಪಸು ಬರುವಾಗ ವ್ಯಾನಿನಲ್ಲಿ ಇದೇ ಮಾತು. ಸಖರಾಯಪಟ್ಟಣದ ಹತ್ತಿರ ಶಕುನಗಿರಿಯ ಬುಡದ ಅಯ್ಯನಕೆರೆ ರುಕ್ಮಾಂಗದ ರಾಜ ಕಟ್ಟಿಸಿದ್ದೆಂದು ಹೇಳಿಕೆ. 1156ರಲ್ಲಿ ಹೊಯ್ಸಳರ ಕಾಲಕ್ಕೆ ದುರಸ್ತಿಯಾಯಿತು. ಅದೇ ಸುಮಾರಿಗೆ ಲಂಕೆಯ ಪೊಲೊನ್ನರುವದಲ್ಲಿ ಪರಾಕ್ರಮಬಾಹು ತನ್ನ ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಕಡೂರಿನ ಎಮ್ಮೆದೊಡ್ಡಿ ಕಡೆಯ ಮದಗದ ಕೆರೆಯ ಮೇಲೆ ಜನಪದರು ಹಾಡೇ ಕಟ್ಟಿದ್ದಾರೆ ಎಂದು ನಾವು ಹೆಮ್ಮೆ ಪಡುತ್ತೇವೆ. ಹಾವೇರಿ ಕಡೆಯವರು ಆ ಹಾಡು ತಮ್ಮ ಮದಗದ್ದು ಅನ್ನುತ್ತಾರೆ, ಇರಲಿ. ಅಯ್ಯನಕೆರೆಯ ವೇದಾ, ಮದಗದ ಅವತಿ ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಆ ಅಣೆಕಟ್ಟು 1933ರ ಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ತರೀಕೆರೆಯ ಅಮೃತಾಪುರದಲ್ಲಿ 1196ರ ದೇವಸ್ಥಾನ ಇದೆ, ನಮ್ಮ ಹನ್ನೊಂದು ಜನರಲ್ಲಿ ನಾಲ್ವರು ಅದನ್ನು ನೋಡಿಯೇ ಇರಲಿಲ್ಲ.

ಕೆರೆಗೆ ನೀರಗಂಟಿಯನ್ನು ಬಲಿ ಕೊಟ್ಟ ಕಥೆ, ಸೊಸೆಯನ್ನು ಹಾರ ಕೊಟ್ಟ ಕಥೆ ನಮ್ಮಲ್ಲಿ ಊರೂರಿಗೆ ಇವೆ. ಕಥೆ ಉಳಿದಿವೆ, ಪೂಜೆ ಉಳಿದಿದೆ, ಗಂಗಮ್ಮನಿಗೆ ಬಾಗಿನ ಬಿಡುವುದು ಉಳಿದಿದೆ. ನೀರು ಬರುವ ದಾರಿ ಉಳಿದಿಲ್ಲ. ಈಗ ಎಲ್ಲರ ಕಣ್ಣೂ ಭದ್ರಾ ಮೇಲ್ದಂಡೆಯ ಮೇಲೆ. ಅಜ್ಜಂಪುರದ ಸುರಂಗ ಆಯಿತು, ಕಾಲುವೆ ಬರುತ್ತೆ, ಕೆರೆ ತುಂಬಿಸುತ್ತಾರೆ. ಬರಲಿ, ಬೇಡ ಅನ್ನುವವರು ಯಾರು? ಆದರೆ ನಮ್ಮ ಹೊಲದಲ್ಲಿ ಬಿದ್ದ ಮಳೆಯೇ ನಮ್ಮ ಕೆರೆಗೆ ಹೋಗದಿದ್ದರೆ ಭದ್ರೆ ಬಂದು ಏನು ಮಾಡಬೇಕು?

ಇಷ್ಟು ದೊಡ್ಡ ಮಾತಾಡುವ ಹಕ್ಕು ನನಗೆ ಇರಲಿಲ್ಲ. ಅದನ್ನೇ ಈಗ ಹೇಳಬೇಕು.

ನಮ್ಮ ಹೊಲದ ಹದಿನಾಲ್ಕು ಮರ

ನಮ್ಮೂರ ಕೆರೆಗೆ ಮೇಲಿನ ಗುಡ್ಡದಿಂದ ನೀರು ತರುವ ಹಳ್ಳ ನಮ್ಮ ಹೊಲದ ನಡುವೆ ಹೋಗಬೇಕು. ಗ್ರಾಮ ನಕ್ಷೆಯಲ್ಲಿ ಗೆರೆ ಇದೆ, ಪಹಣಿಯಲ್ಲಿ ಬಿ ಖರಾಬು ಅಂತಲೂ ಇದೆ. 1986ರ ಸುಮಾರಿನ ಬರದಲ್ಲಿ ಹಳ್ಳ ಎರಡು ವರ್ಷ ಒಣಗಿತ್ತು. ಅಪ್ಪ ಅದನ್ನು ಉತ್ತು, ಸಮ ಮಾಡಿ ತೆಂಗಿನ ಸಸಿ ಇಟ್ಟ. ನಮ್ಮಪ್ಪ ಒಬ್ಬನೇ ಅಲ್ಲ, ಮೇಲೆ ಕೆಳಗೆ ಏಳು ಹೊಲದವರು ಹಾಗೇ ಮಾಡಿದರು. ಒಣಗಿದ ಹಳ್ಳವಲ್ಲವೇ, ಯಾರಿಗೆ ನಷ್ಟ? ಹಳ್ಳದ ಮೇಲೆ ಹದಿನಾಲ್ಕು ಮರ ಬೆಳೆದವು. ತೋಟದಲ್ಲೇ ಚೆನ್ನಾಗಿ ಕಾಯಿ ಬಿಡುವ ಮರಗಳು ಅವೇ. ಹೂಳು ಕೂತ ಜಾಗವಲ್ಲವೇ? ನಾನು ಕಾಲೇಜಿಗೆ ಹೋದದ್ದು ಆ ಕಾಯಿಯ ದುಡ್ಡಿನಲ್ಲೂ ಹೌದು.

ಕೆರೆಗೆ ಯಾಕೆ ನೀರು ಬರಲ್ಲ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದವನೂ ನಾನೇ.

ಊರಿಗೆ ಬಂದ ಮೂರನೇ ದಿನ ಅಣ್ಣನಿಗೆ ಹೇಳಿದೆ. ಹಳ್ಳ ಬಿಟ್ಟುಬಿಡೋಣ ಅಂತ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಇಟ್ಟ ಮರ ಕಣೋ. ನಾನು ಕೊಡ ಹೊತ್ತು ನೀರು ಹಾಕಿದೀನಿ. ನೀನಾಗ ಚಿಕ್ಕೋನು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಂಕೆಯ ರಾಜನ ಕಥೆ ಹೇಳಲು ಹೋದೆ. "ನಿನ್ನ ರಾಜನ್ನ ಕಟ್ಕೊಂಡು ನಾನೇನ್ಮಾಡ್ಲಿ? ಬೇಸಿಗೆ ಬಂತು, ತೋಟ ಒಣಗ್ತಾ ಐತೆ" ಅಂತ ಎದ್ದು ಹೋದ.

ಫೆಬ್ರವರಿಯಲ್ಲಿ ದೇವಸ್ಥಾನದ ಕಟ್ಟೆಯ ಮೇಲೆ ಏಳು ಹೊಲದವರೂ ಕುಳಿತೆವು. ನಾನು ಮೊದಲು ನಮ್ಮ ಮರಗಳ ವಿಷಯ ಹೇಳಿದೆ. ನಮ್ಮದನ್ನು ಹೇಳದೆ ಇನ್ನೊಬ್ಬರದ್ದು ಕೇಳುವ ಹಾಗಿರಲಿಲ್ಲ. ಐದು ಮನೆಯವರು ಒಪ್ಪಿದರು. ಇಬ್ಬರು ಇವತ್ತಿಗೂ ಒಪ್ಪಿಲ್ಲ. ಅವರ ಹೊಲದ ಪಕ್ಕಕ್ಕೆ ಹಳ್ಳ ತಿರುಗಿಸಿಕೊಂಡು ಹೋಗಬೇಕಾಯಿತು. ಸರ್ವೆಯವರು ಬಂದು ಕಲ್ಲು ನೆಟ್ಟರು. ನಮ್ಮ ಹದಿನಾಲ್ಕರಲ್ಲಿ ಐದು ಮರ ಅಂಚಿಗೆ ಬಂದು ಉಳಿದವು. ಒಂಬತ್ತು ಹೋಗಬೇಕಾಯಿತು. ಕಡಿಯುವ ದಿನ ಅಣ್ಣ ಊರಿನಲ್ಲಿ ಇರಲಿಲ್ಲ, ಬೀರೂರು ಸಂತೆಗೆ ಅಂತ ಹೋಗಿದ್ದ. ಅವತ್ತು ಸಂತೆ ದಿನವಲ್ಲ.

ಜೆಸಿಬಿ ಮೂರು ದಿನ ಓಡಿತು, ಖರ್ಚು ಎಕರೆ ಲೆಕ್ಕದಲ್ಲಿ ಹಂಚಿಕೊಂಡೆವು. ಕೆರೆಗೆ ಸೇರುವ ಕಡೆ ಲಂಕೆಯಲ್ಲಿ ಕಂಡ ಹಾಗೆ ಒಂದು ಹೂಳು ಗುಂಡಿ ಮಾಡಿದೆವು. ದಂಡೆಗೆ ಹೊಂಗೆ, ಹಿಪ್ಪೆ, ಹೊಳೆಮತ್ತಿ ಸಸಿ ಇಟ್ಟೆವು. ಮಳೆ ಬಂದು ಹೋದ ಮೇಲೆ ಆ ಗುಂಡಿಯ ಗೋಡು ಮಣ್ಣು ಸರದಿ ಮೇಲೆ ಹೊಲಗಳಿಗೆ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮಾರ್ಚಿಯಲ್ಲಿ ಅಣ್ಣ ಐದನೇ ಬೋರು ತೆಗೆಸಿಯೇಬಿಟ್ಟ. ಸಾವಿರದ ಮೇಲೆ ಎಂಬತ್ತು ಅಡಿಗೆ ಒಂದಿಂಚು ನೀರು ಬಂತು. ಆ ಬೇಸಿಗೆಯಲ್ಲಿ ತೋಟ ಉಳಿಸಿದ್ದು ಆ ಒಂದಿಂಚೇ, ನಾನು ತೆಗೆಸಿದ ಹಳ್ಳವಲ್ಲ. ಮರ ಒಣಗುವಾಗ ಕೆರೆಯ ಪಾಠ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಆದರೆ ಸಾಲ ತೀರಿಲ್ಲ, ಆರನೆಯದನ್ನು ಎಲ್ಲಿ ಕೊರೆಯುವುದು ಅಂತ ಅಣ್ಣನಿಗೂ ಗೊತ್ತಿಲ್ಲ.

2024ರ ಜುಲೈನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಸದ್ದು ಕೇಳಿ ಟಾರ್ಚು ಹಿಡಿದು ಹೋದೆ. ಅಣ್ಣ ನನಗಿಂತ ಮೊದಲೇ ಹೋಗಿ ಹಳ್ಳದ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದ. ಕೆಂಪು ನೀರು ಮೊಣಕಾಲುದ್ದ ಹೋಗುತ್ತಿತ್ತು. ಅದು ಹನ್ನೊಂದು ದಿನ ಹರಿಯಿತು. ಕೆರೆ ತುಂಬಲಿಲ್ಲ, ತೂಬಿನ ಕಂಬ ಅರ್ಧ ಮುಳುಗಿತು. ಆದರೆ ಹಾಗೆ ಅರ್ಧ ಮುಳುಗಿದ್ದನ್ನು ನನ್ನ ಮಗ ನೋಡಿರಲಿಲ್ಲ. ದೀಪಾವಳಿ ಹೊತ್ತಿಗೆ ಕೆರೆ ಕೆಳಗಿನ ಮೂರು ಹಳೆಯ ತೆರೆದ ಬಾವಿಗಳಲ್ಲಿ ನೀರು ಕಂಡಿತು. ನಮ್ಮ ನಿಂತುಹೋಗಿದ್ದ ಎರಡನೇ ಬೋರು ದಿನಕ್ಕೆ ಎರಡು ಗಂಟೆ ಓಡಲು ಶುರುಮಾಡಿತು.

ಅವತ್ತು ರಾತ್ರಿ ಅಣ್ಣ ಹೇಳಿದ್ದು ಇಷ್ಟೇ. "ಒಂಬತ್ತು ಮರದ ಲೆಕ್ಕ ಸರಿಹೋಯ್ತು ಅಂತ ನಾನು ಹೇಳಲ್ಲ. ಆದ್ರೆ ಆ ಇಬ್ಬರ ಹತ್ರ ನಾಳೆ ನಾನೇ ಮಾತಾಡ್ತೀನಿ."

ಮಾತಾಡಿದ್ದಾನೆ. ಇನ್ನೂ ಒಪ್ಪಿಲ್ಲ. ನೋಡೋಣ.

ಹೋಗುವವರಿಗೆ ನಾಲ್ಕು ಮಾತು

ಸಿಗಿರಿಯ ಹತ್ತುವುದಾದರೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ನೀರಿನ ಬಾಟಲಿ, ಟೋಪಿ ಇರಲಿ. ಸಾರ್ಕ್ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಟಿಕೆಟ್ ದರ ಕಡಿಮೆ, ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ವಿಚಾರಿಸಿ. ತಮಿಳು ಬಲ್ಲವರೊಬ್ಬರು ಜೊತೆಗಿದ್ದರೆ ರೈತರ ಹತ್ತಿರ ಮಾತಾಡಬಹುದು. ಬಂಡೆ ನೋಡಿದ ದಿನವೇ ಕಲಾ ವೆವಕ್ಕೂ ಹೋಗಿ ಬನ್ನಿ, ಪೇಟೆ ಇನ್ನೊಂದು ದಿನಕ್ಕಿರಲಿ.

ಅದಕ್ಕೂ ಮೊದಲು ನಿಮ್ಮೂರ ಗ್ರಾಮ ನಕ್ಷೆ ತರಿಸಿ, ಕೆರೆಯ ಹಳ್ಳ ಯಾರ ಹೊಲದಲ್ಲಿ ನಿಂತಿದೆ ಅಂತ ಒಮ್ಮೆ ನೋಡಿಕೊಳ್ಳಿ.